ಹಳೆಯ ಡ್ರಮ್ಮಿನಲ್ಲಿ ಕೆಂಡದ ಒಲೆ

ಹೆದ್ದಾರಿ ಬದಿಯ ಢಾಬಾದಲ್ಲಿ ತಂದೂರಿ ರೊಟ್ಟಿ ತಿಂದವರು ಅಲ್ಲಿನ ಒಲೆಯನ್ನೂ ನೋಡಿರುತ್ತೀರಿ. ಹೊರಗಿನಿಂದ ನೋಡಿದರೆ ಅದು ಒಂದು ಹಳೆಯ ಡ್ರಮ್ಮು. ಅದರೊಳಗೆ ಮಣ್ಣಿನ ಬಾನಿ, ಎರಡರ ನಡುವೆ ಮರಳು ಅಥವಾ ಮಣ್ಣು. ರಸ್ತೆ ಕೆಲಸದವರು ಡಾಂಬರು ಕಾಯಿಸುವುದು ಡ್ರಮ್ಮಿನಲ್ಲಿ, ಕಟ್ಟಡದ ಕೆಲಸದವರು ನೀರು ತುಂಬಿಡುವುದು ಡ್ರಮ್ಮಿನಲ್ಲಿ. ಒಂದು ಸರಕನ್ನು ಹೊತ್ತು ಬಂದ ಉಕ್ಕಿನ ಡ್ರಮ್ಮು ಆ ಕೆಲಸ ಮುಗಿದ ಮೇಲೂ ಹತ್ತಾರು ವರ್ಷ ಬಾಳುತ್ತದೆ.

ಇಂಥ ಒಂದು ಡ್ರಮ್ಮನ್ನು ಉದ್ದಕ್ಕೆ ಸೀಳಿ, ಕೆಳಗಿನ ಅರ್ಧದಲ್ಲಿ ಕೆಂಡ ಹಾಸಿ, ಮೇಲೆ ಜಾಲರಿ ಇಟ್ಟು, ಉಳಿದ ಅರ್ಧವನ್ನು ಮುಚ್ಚಳ ಮಾಡಿದರೆ ಅದೇ ಬಾರ್ಬೆಕ್ಯೂ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ಟೈನೊ ಜನರ ಮಾತಿನಿಂದ ಸ್ಪ್ಯಾನಿಷ್ ಭಾಷೆಗೆ ‘ಬಾರ್ಬಕೋವ’ ಎಂಬ ಪದ ಬಂತು, ಅಲ್ಲಿಂದ ಇಂಗ್ಲಿಷಿಗೆ ಬಂತು. ಬೆಂಕಿಯ ಮೇಲೆ ಕಟ್ಟಿದ ಕಡ್ಡಿಗಳ ಅಟ್ಟಣಿಗೆಗೆ ಆ ಹೆಸರು. ಅದೇ ಕೆರಿಬಿಯನ್ನಿನ ಜಮೈಕಾದಲ್ಲಿ ಇಂದಿಗೂ ರಸ್ತೆ ಬದಿಯ ‘ಜರ್ಕ್’ ಕೋಳಿಯನ್ನು ಸೀಳಿದ ಡ್ರಮ್ಮುಗಳಲ್ಲೇ ಸುಡುತ್ತಾರೆ. ಕೋಳಿಯೇ ಆಗಬೇಕೆಂದಿಲ್ಲ. ಗೆಣಸು, ಮುಸುಕಿನ ಜೋಳ, ಬದನೆಕಾಯಿ, ಪನೀರು ಎಲ್ಲಕ್ಕೂ ಈ ಒಲೆ ಒಗ್ಗುತ್ತದೆ.

ಕಟ್ಟುವುದು ಕಷ್ಟವಲ್ಲ. ಆದರೆ ಅದಕ್ಕೆ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಡ್ರಮ್ಮಿನೊಳಗಿನ ಜಾಗದಲ್ಲಿ ಏನಿದೆ? ಕತ್ತರಿಸುವಾಗ, ಉರಿಸುವಾಗ, ಉರಿ ಮುಗಿದ ಮೇಲೆ, ಹೀಗೆ ಮೂರು ಸಲ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗುತ್ತದೆ. ಮೂರು ಸಲವೂ ಉತ್ತರ ಕಣ್ಣಿಗೆ ಕಾಣದ ಅನಿಲಗಳಲ್ಲೇ ಇದೆ.

ಡ್ರಮ್ಮಿನ ಪರಿಚಯ

ಮೊದಲು ದ್ರವಗಳನ್ನು ಮರದ ಪೀಪಾಯಿಗಳಲ್ಲಿ ಸಾಗಿಸುತ್ತಿದ್ದರು. ಅವು ಸೋರುತ್ತಿದ್ದವು. ಅಮೆರಿಕದ ಹೆನ್ರಿ ವೆರಾನ್ 1905ರಲ್ಲಿ ಲೋಹದ ಪೀಪಾಯಿಗೆ ಪೇಟೆಂಟ್ ಪಡೆದ. ಅವನು ದುಡಿಯುತ್ತಿದ್ದ ಕಾರ್ಖಾನೆಯ ಒಡತಿ ಎಲಿಜಬೆತ್ ಸೀಮನ್. ‘ನೆಲ್ಲಿ ಬ್ಲೈ’ ಎಂಬ ಹೆಸರಿನಲ್ಲಿ ಪ್ರಸಿದ್ಧಳಾದ ಪತ್ರಕರ್ತೆ ಈಕೆಯೇ.

ಇಂದಿನ ಸಾಮಾನ್ಯ ಡ್ರಮ್ಮಿನ ಗಾತ್ರ 200 ಲೀಟರಿಗಿಂತ ತುಸು ಹೆಚ್ಚು. ಒಳ ವ್ಯಾಸ ಸುಮಾರು 57 ಸೆಂ.ಮೀ., ಎತ್ತರ ಸುಮಾರು 88 ಸೆಂ.ಮೀ. ತಗಡಿನ ದಪ್ಪ ಸುಮಾರು 1 ಮಿ.ಮೀ. ಮೈಮೇಲಿನ ಎರಡು ಉಬ್ಬು ಬಳೆಗಳು ತೆಳು ತಗಡಿಗೆ ಬಲ ಕೊಡುತ್ತವೆ, ಉರುಳಿಸಲೂ ಅನುಕೂಲ.

ಡ್ರಮ್ಮುಗಳಲ್ಲಿ ಎರಡು ಬಗೆ. ಒಂದರಲ್ಲಿ ಎರಡೂ ತುದಿ ಮುಚ್ಚಿದ್ದು, ಮೇಲ್ತುದಿಯಲ್ಲಿ ಎರಡು ಬಿರಡೆಗಳು ಮಾತ್ರ ಇರುತ್ತವೆ. ಎಣ್ಣೆ ಮತ್ತು ದ್ರಾವಕಗಳು ಬರುವುದು ಇದರಲ್ಲಿ. ಇನ್ನೊಂದರಲ್ಲಿ ಮೇಲಿನ ಮುಚ್ಚಳ ಪೂರ್ತಿ ತೆಗೆಯಲು ಬರುತ್ತದೆ, ಒಂದು ಬಳೆ ಅದನ್ನು ಬಿಗಿದು ಹಿಡಿದಿರುತ್ತದೆ. ನಮಗೆ ಬೇಕಾದದ್ದು ಎರಡನೆಯ ಬಗೆ. ಏಕೆಂದು ಈಗ ನೋಡೋಣ.

ಖಾಲಿ ಡ್ರಮ್ಮು ಖಾಲಿಯೇ?

ತುಂಬಿದ ಪೆಟ್ರೋಲ್ ಡ್ರಮ್ಮು, ಖಾಲಿಯಾದ ಪೆಟ್ರೋಲ್ ಡ್ರಮ್ಮು, ಇವೆರಡರಲ್ಲಿ ಕಿಡಿ ಸೋಕಿದಾಗ ಸಿಡಿಯುವುದು ಯಾವುದು? ತುಂಬಿದ್ದೇ ಎಂದು ನಿಮ್ಮ ವಿದ್ಯಾರ್ಥಿಗಳು ಹೇಳಬಹುದು. ಆದರೆ ಅಂಚಿನವರೆಗೆ ತುಂಬಿದ ಡ್ರಮ್ಮಿನಲ್ಲಿ ಗಾಳಿಯೇ ಇರುವುದಿಲ್ಲ. ದ್ರವ ಪೆಟ್ರೋಲ್ ತಾನಾಗಿ ಉರಿಯುವುದೂ ಇಲ್ಲ, ಉರಿಯುವುದು ಗಾಳಿಯೊಡನೆ ಬೆರೆತ ಅದರ ಆವಿ. ‘ಖಾಲಿ’ ಡ್ರಮ್ಮಿನಲ್ಲಿ ಗಾಳಿಯೂ ಇದೆ, ತಳದಲ್ಲಿ ಉಳಿದ ದ್ರವದಿಂದೆದ್ದ ಆವಿಯೂ ಇದೆ.

ಎಷ್ಟು ಆವಿ ಇದ್ದರೆ ಅಪಾಯ? ಪೆಟ್ರೋಲಿನ ಘಟಕಗಳಲ್ಲಿ ಒಂದಾದ ಹೆಕ್ಸೇನನ್ನು ತೆಗೆದುಕೊಳ್ಳಿ. ಗಾಳಿಯಲ್ಲಿ ಅದರ ಆವಿ ಗಾತ್ರದಲ್ಲಿ ಶೇಕಡ 1.2ರ ಆಸುಪಾಸಿಗೆ ಬಂದರೆ ಮಿಶ್ರಣ ಸಿಡಿಯಬಲ್ಲದು. 200 ಲೀಟರಿನ ಶೇಕಡ 1.2 ಎಂದರೆ 2.4 ಲೀಟರ್ ಆವಿ. ಕೋಣೆಯ ತಾಪದಲ್ಲಿ ಒಂದು ಮೋಲ್ ಅನಿಲ ಸುಮಾರು 24 ಲೀಟರ್ ಜಾಗ ಹಿಡಿಯುತ್ತದೆ. ಹಾಗಾದರೆ ಬೇಕಾದದ್ದು ಒಂದು ಮೋಲಿನ ಹತ್ತನೇ ಒಂದು ಭಾಗ, ಅಂದರೆ 8.6 ಗ್ರಾಂ. ದ್ರವದಲ್ಲಿ ಅಳೆದರೆ 13 ಮಿಲಿಲೀಟರ್. ಮೂರು ಟೀ ಚಮಚ ಕೂಡ ಆಗುವುದಿಲ್ಲ! ಡ್ರಮ್ಮಿನ ಅಂಚಿನ ಮಡಿಕೆಯಲ್ಲಿ ಇಷ್ಟು ದ್ರವ ಅಡಗಿದ್ದರೆ ಬಗ್ಗಿ ನೋಡಿದರೂ ಕಾಣಿಸದು.

‘ಇದರಲ್ಲಿದ್ದದ್ದು ಪೆಟ್ರೋಲ್ ಅಲ್ಲ, ದಪ್ಪ ಎಂಜಿನ್ ಎಣ್ಣೆ, ಅದು ಆವಿಯಾಗುವುದಿಲ್ಲ’ ಎಂದು ಗುಜರಿ ಅಂಗಡಿಯವರು ಹೇಳಬಹುದು. ತಣ್ಣಗಿದ್ದಾಗ ಈ ಮಾತು ಬಹುಮಟ್ಟಿಗೆ ನಿಜ. ಆದರೆ ಗ್ಯಾಸ್ ಕಟರ್ ತಾಗಿದ ಕಡೆ ತಗಡು ಕೆಂಪಗೆ ಕಾಯುತ್ತದೆ. ಅಲ್ಲಿ ಅಂಟಿರುವ ಎಣ್ಣೆಯ ಪೊರೆ ಆವಿಯಾಗುತ್ತದೆ, ಅದರ ದೊಡ್ಡ ಅಣುಗಳು ಒಡೆದು ಸುಲಭವಾಗಿ ಹೊತ್ತಿಕೊಳ್ಳುವ ಸಣ್ಣ ಅಣುಗಳಾಗುತ್ತವೆ. ಸಿಡಿಯುವ ಮಿಶ್ರಣವನ್ನು ಕತ್ತರಿಸುವವನೇ ತಯಾರಿಸಿ, ತಾನೇ ಕಿಡಿ ಹಚ್ಚಿದಂತಾಯಿತು. ಖಾಲಿ ಡ್ರಮ್ಮುಗಳನ್ನು ಕತ್ತರಿಸುವಾಗ, ಬೆಸುಗೆ ಹಾಕುವಾಗ ಕೆಲಸಗಾರರು ಸತ್ತ ಸುದ್ದಿಗಳ ಹಿಂದೆ ಇರುವುದು ಈ ಸರಳ ರಸಾಯನ ವಿಜ್ಞಾನ. ಗ್ರೈಂಡರಿನ ಕಿಡಿಯೂ ಗ್ಯಾಸ್ ಕಟರಿನ ಜ್ವಾಲೆಯಷ್ಟೇ ಅಪಾಯಕಾರಿ. ನೀರಿನಲ್ಲಿ ಒಮ್ಮೆ ಜಾಲಾಡಿದ ಮಾತ್ರಕ್ಕೆ ಎಣ್ಣೆ ಹೋಗುವುದಿಲ್ಲ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ ಎಂಬುದನ್ನು ಪ್ರಾಥಮಿಕ ಶಾಲೆಯಲ್ಲೇ ಕಲಿತಿದ್ದೇವಲ್ಲ!

ಯಾವ ಡ್ರಮ್ಮನ್ನು ಆರಿಸಬೇಕು?

ಉತ್ತರ ಒಂದೇ ಮಾತಿನಲ್ಲಿದೆ: ಆಹಾರ ಪದಾರ್ಥ ಬಂದಿದ್ದ, ಪೂರ್ತಿ ಮುಚ್ಚಳ ತೆಗೆಯಲು ಬರುವ ಡ್ರಮ್ಮು. ಮಾವಿನ ಹಣ್ಣಿನ ತಿರುಳನ್ನು ಕಾರ್ಖಾನೆಗಳು ಸೂಕ್ಷ್ಮಜೀವಿರಹಿತ ಚೀಲದಲ್ಲಿ ತುಂಬಿ, ಆ ಚೀಲವನ್ನು ಇಂಥ ಡ್ರಮ್ಮಿನೊಳಗಿಟ್ಟು ಕಳಿಸುತ್ತವೆ. ತಿರುಳು ತಗಡಿಗೆ ತಾಗಿಯೇ ಇರುವುದಿಲ್ಲ. ಹಣ್ಣಿನ ರಸ ತಯಾರಿಸುವವರು, ಐಸ್‌ಕ್ರೀಂ ತಯಾರಿಸುವವರು ಚೀಲ ತೆಗೆದ ಮೇಲೆ ಡ್ರಮ್ಮನ್ನು ಮಾರಿಬಿಡುತ್ತಾರೆ. ಮುಚ್ಚಳ ತೆಗೆದಿಟ್ಟರೆ ಒಳಗೆಲ್ಲ ಕಾಣುತ್ತದೆ, ಕೈಯಾಡಿಸಿ ತೊಳೆಯಬಹುದು. ಆವಿ ನಿಲ್ಲಲು ಮುಚ್ಚಿದ ಜಾಗವೇ ಇರುವುದಿಲ್ಲ.

ಕೀಟನಾಶಕ, ದ್ರಾವಕ, ಬಣ್ಣ, ಅಂಟು, ಆಮ್ಲ ಇವು ಬಂದಿದ್ದ ಡ್ರಮ್ಮು ಯಾವ ಬೆಲೆಗೂ ಬೇಡ. ಮೇಲಿನ ಚೀಟಿ ಕಿತ್ತುಹೋಗಿದ್ದು ಏನಿತ್ತೆಂದು ಹೇಳುವವರಿಲ್ಲದಿದ್ದರೆ ಅದೂ ಬೇಡ. ಪುಕ್ಕಟೆ ಸಿಕ್ಕರೂ ಬೇಡ.

ತಗಡಿನ ಮೇಲಿನ ಲೇಪವನ್ನೂ ಗಮನಿಸಬೇಕು. ಬೂದು ಬಣ್ಣದ ಮೇಲೆ ಹರಳು ಹರಳಾದ ಹೊಳಪು ಕಂಡರೆ ಅದು ಸತುವಿನ ಲೇಪ. ಸತು 420 ಡಿಗ್ರಿ ಸೆಲ್ಸಿಯಸಿನ ಹತ್ತಿರ ಕರಗುತ್ತದೆ, 907 ಡಿಗ್ರಿಯಲ್ಲಿ ಕುದಿಯುತ್ತದೆ. ಬೆಸುಗೆ ಹಾಕುವಾಗ ಏಳುವ ಸತುವಿನ ಆಕ್ಸೈಡಿನ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬಂದಂತಾಗುತ್ತದೆ. ಹುಳಿ ಪದಾರ್ಥಗಳಲ್ಲಿ ಸತು ಕರಗುವುದರಿಂದ ಅಡುಗೆಯ ಜಾಲರಿಗೂ ಸತು ಲೇಪಿಸಿದ ತಂತಿ ಬಳಸಬಾರದು.

ಇನ್ನು ಹೊರಗಿನ ಬಣ್ಣ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೀಸದ ಸಂಯುಕ್ತಗಳಿರುವ ಸಾಧ್ಯತೆ ಇದೆ. ನಮ್ಮ ದೇಶದಲ್ಲಿ ಬಣ್ಣಗಳಲ್ಲಿನ ಸೀಸವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸುವ ನಿಯಮ 2016ರಲ್ಲಿ ಬಂದು, 2017ರ ನವೆಂಬರ್ 1ರಿಂದ ಜಾರಿಯಾಯಿತು. ಆದರೆ ಅದು ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಿಗೆ ಮಾತ್ರ. ಡ್ರಮ್ಮಿಗೆ ಬಳಿಯುವ ಕೈಗಾರಿಕಾ ಬಣ್ಣ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಇಂಥ ಹಳೆಯ ಬಣ್ಣದ ಡ್ರಮ್ಮನ್ನು ಬಿಟ್ಟುಬಿಡುವುದು ಲೇಸು.

ಬೇಕಾದ ಸಾಮಗ್ರಿ

ಡ್ರಮ್ಮಿನ ಜೊತೆಗೆ ಇಷ್ಟು ಸಾಕು: ಕಾಲುಗಳಿಗೆ 25 ಮಿ.ಮೀ. ಕಬ್ಬಿಣದ ಆಂಗಲ್, ಬಾಗಿಲಿಗೆ ಹಾಕುವಂಥ ಎರಡು ಕಬ್ಬಿಣದ ಹಿಂಜು, 6 ಅಥವಾ 8 ಮಿ.ಮೀ. ಸರಳು, ಕೆಂಡ ನಿಲ್ಲಿಸಲು ದಪ್ಪ ಕಬ್ಬಿಣದ ಜಾಲರಿ, ಅಡುಗೆಗೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ, 10 ಸೆಂ.ಮೀ. ವ್ಯಾಸದ, 60 ಸೆಂ.ಮೀ. ಉದ್ದದ ತಗಡಿನ ಹೊಗೆ ಕೊಳವೆ, ಬೋಲ್ಟು, ನಟ್ಟು, ವಾಷರು, ಮರದ ಹಿಡಿ. ಕೊಳವೆಯೂ ಬೋಲ್ಟುಗಳೂ ಸತು ಲೇಪಿಸದವೇ ಇರಲಿ.

ಕತ್ತರಿಸುವ ಕೆಲಸವನ್ನು ವೆಲ್ಡಿಂಗ್ ಅಂಗಡಿಯ ಅನುಭವಿಗೆ ಒಪ್ಪಿಸಿ. ವಿದ್ಯಾರ್ಥಿಗಳು ಗುರುತು ಹಾಕಲಿ, ಲೆಕ್ಕ ಮಾಡಲಿ, ದೂರದಿಂದ ನೋಡಲಿ. ಗ್ರೈಂಡರ್ ಹಿಡಿದವರಿಗೆ ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗವಸು, ಕಾಲಿಗೆ ಬೂಟು ಇರಲೇಬೇಕು.

ಕಟ್ಟುವ ಕ್ರಮ

1. ಡ್ರಮ್ಮಿನ ಬಳೆ ಬಿಚ್ಚಿ ಮುಚ್ಚಳ ತೆಗೆಯಿರಿ. ಒಳಗೂ ಹೊರಗೂ ಬಿಸಿನೀರು, ವಾಷಿಂಗ್ ಸೋಡಾ ಹಾಕಿ ತಿಕ್ಕಿ ತೊಳೆದು ಬಿಸಿಲಿನಲ್ಲಿ ಒಣಗಿಸಿ. ಹೊರಗಿನ ಬಣ್ಣವನ್ನು ಒದ್ದೆ ಮಾಡಿ, ನೀರಿಗೆ ತಡೆಯುವ ಉಪ್ಪುಕಾಗದದಿಂದ ತಿಕ್ಕಿ ತೆಗೆಯಿರಿ. ಒಣಗಿದ್ದಾಗ ತಿಕ್ಕಿದರೆ ದೂಳು ಮೂಗಿಗೆ ಸೇರುತ್ತದೆ.

2. ಡ್ರಮ್ಮನ್ನು ಮಲಗಿಸಿ, ಎದುರುಬದುರಾಗಿ ಎರಡು ಉದ್ದ ಗೆರೆಗಳನ್ನು ಎಳೆಯಿರಿ. ತಳದ ಬಿಲ್ಲೆಯ ಮೇಲೆ ವ್ಯಾಸದ ಗೆರೆ ಎಳೆದು ಅವನ್ನು ಸೇರಿಸಿ. ಈ ಗೆರೆಗುಂಟ ಕತ್ತರಿಸಿದರೆ ಎರಡು ಅರ್ಧ ಉರುಳೆಗಳು ಸಿಗುತ್ತವೆ. ತೆಗೆದಿಟ್ಟ ಮುಚ್ಚಳವನ್ನೂ ಎರಡು ಅರ್ಧವೃತ್ತಗಳಾಗಿ ಕತ್ತರಿಸಿ, ತೆರೆದ ತುದಿಗಳಿಗೆ ಮೂಲೆಪಟ್ಟಿ ಇಟ್ಟು ಬೋಲ್ಟು ಬಿಗಿಯಿರಿ. ಮುಚ್ಚಳ ತೆರೆದೇ ಕತ್ತರಿಸಬೇಕು ಎಂಬುದನ್ನು ಮರೆಯಬೇಡಿ.

3. ಕತ್ತರಿಸಿದ ಅಂಚು ಕತ್ತಿಯಂತಿರುತ್ತದೆ. ಅರದಿಂದ ಉಜ್ಜಿ ಮೊಂಡು ಮಾಡಿ.

4. ಕೆಳಗಿನ ಅರ್ಧಕ್ಕೆ ನಾಲ್ಕು ಆಂಗಲ್ ಕಾಲುಗಳನ್ನು ಬೋಲ್ಟಿನಿಂದ ಬಿಗಿಯಿರಿ. ಒಲೆಯ ಅಂಚು ನೆಲದಿಂದ 80ರಿಂದ 85 ಸೆಂ.ಮೀ. ಎತ್ತರದಲ್ಲಿದ್ದರೆ ನಿಂತು ಕೆಲಸ ಮಾಡಲು ಹಿತ. ಕಾಲುಗಳನ್ನು ಸ್ವಲ್ಪ ಹೊರಕ್ಕೆ ಚಾಚಿಸಿ, ಕೆಳಗೆ ಅಡ್ಡಪಟ್ಟಿ ಕೊಡಿ. ಕೆಂಡ ತುಂಬಿದ ಒಲೆ ಎಂದೂ ಅಲುಗಾಡಬಾರದು.

5. ಕೆಂಡದ ಜಾಲರಿಯನ್ನು ತಳದಿಂದ 10 ಸೆಂ.ಮೀ. ಎತ್ತರದಲ್ಲಿ, ಅಡ್ಡ ಸರಳುಗಳ ಮೇಲೆ ಕೂರಿಸಿ. ಇದರ ಅಗಲ ಎಷ್ಟಿರಬೇಕು? ವೃತ್ತದ ಜ್ಯಾದ ಲೆಕ್ಕ ಹಾಕಿ: ತ್ರಿಜ್ಯ 28.5, ಎತ್ತರ 10 ಆದಾಗ ಜ್ಯಾ ಸುಮಾರು 43 ಸೆಂ.ಮೀ. ಬರುತ್ತದೆ. ಅಡುಗೆಯ ಜಾಲರಿ ತಳದಿಂದ 26 ಸೆಂ.ಮೀ. ಎತ್ತರದಲ್ಲಿರಲಿ. ಆಗ ಎರಡರ ನಡುವೆ 16 ಸೆಂ.ಮೀ. ಅಂತರ ಸಿಗುತ್ತದೆ.

6. ಒಂದು ತುದಿಯ ಕೆಳಭಾಗದಲ್ಲಿ, ಕೆಂಡದ ಜಾಲರಿಗಿಂತ ತಗ್ಗಿನಲ್ಲಿ, 25 ಮಿ.ಮೀ. ವ್ಯಾಸದ 12 ತೂತುಗಳನ್ನು ಕೊರೆಯಿರಿ. ಕೆಳಸಾಲಿನಲ್ಲಿ 4, ಮೇಲಿನ ಸಾಲಿನಲ್ಲಿ 8. ಅವುಗಳ ಮೇಲೆ ಸರಿಸಿ ಮುಚ್ಚಬಹುದಾದ ತಗಡು ಕೂರಿಸಿ.

7. ಮೇಲಿನ ಅರ್ಧವನ್ನು ಹಿಂಜುಗಳಿಂದ ಜೋಡಿಸಿ. ಗಾಳಿ ತೂತುಗಳಿಗೆ ಎದುರಿನ ತುದಿಯಲ್ಲಿ, ಮುಚ್ಚಳದ ಮೇಲ್ಭಾಗಕ್ಕೆ ಹೊಗೆ ಕೊಳವೆ ಕೂರಿಸಿ. ಕೊಳವೆಯ ಬಾಯಿಗೂ ತಿರುಗಿಸಿ ಮುಚ್ಚುವ ಬಿಲ್ಲೆ ಇರಲಿ. ಹಿಡಿಯನ್ನು ಕಬ್ಬಿಣದಲ್ಲಿ ಮಾಡಿದರೆ ಉಷ್ಣವಹನದಿಂದ ಕೈ ಸುಡುತ್ತದೆ, ಮರದ್ದೇ ಆಗಬೇಕು.

8. ಅಡುಗೆಗೆ ಮುಂಚೆ ಒಂದು ಸಲ ಬರಿದೇ ಉರಿಸಿ. ಬಯಲಿನಲ್ಲಿ, ಗಾಳಿ ಮನೆಗಳ ಕಡೆ ಬೀಸದಿರುವಾಗ, ಸೌದೆಯಿಂದ ಒಂದೆರಡು ಗಂಟೆ ದೊಡ್ಡ ಉರಿ ಹಾಕಿ. ಒಳಗಿನ ಮೆರುಗೆಣ್ಣೆಯ ಲೇಪ ಸುಟ್ಟುಹೋಗುತ್ತದೆ. ಆ ಹೊಗೆಯಲ್ಲಿ ಯಾರೂ ನಿಲ್ಲಬಾರದು. ತಣಿದ ಮೇಲೆ ತಂತಿ ಬ್ರಷ್ಷಿನಿಂದ ತಿಕ್ಕಿ, ತೊಳೆದು, ಒರೆಸಿ, ಅಡುಗೆ ಎಣ್ಣೆಯನ್ನು ತೆಳ್ಳಗೆ ಸವರಿ ಮತ್ತೆ ಕಾಯಿಸಿ. ಹೊಸ ಕಬ್ಬಿಣದ ಕಾವಲಿಯನ್ನು ಪಳಗಿಸುವುದಿಲ್ಲವೇ, ಇದೂ ಹಾಗೆಯೇ. ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗಿ ತುಕ್ಕನ್ನು ತಡೆಯುತ್ತವೆ.

ಗಾಳಿಯ ಲೆಕ್ಕ

ಹನ್ನೆರಡು ತೂತುಗಳೇ ಏಕೆ? ಅಂದಾಜಿನಿಂದ ಹೇಳಿದ್ದಲ್ಲ, ಇದನ್ನು ನೀವೇ ಲೆಕ್ಕ ಹಾಕಬಹುದು.

ಗಂಟೆಗೆ 500 ಗ್ರಾಂ ಇದ್ದಿಲು ಉರಿಯುತ್ತದೆ ಎಂದುಕೊಳ್ಳಿ. ಇದ್ದಿಲನ್ನು ಶುದ್ಧ ಕಾರ್ಬನ್ ಎಂದೇ ಭಾವಿಸೋಣ. 12 ಗ್ರಾಂ ಕಾರ್ಬನ್ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಆಗಲು 32 ಗ್ರಾಂ ಆಕ್ಸಿಜನ್ ಬೇಕು. 500 ಗ್ರಾಮಿಗೆ ಸುಮಾರು 1,330 ಗ್ರಾಂ. ಗಾಳಿಯ ತೂಕದಲ್ಲಿ ಆಕ್ಸಿಜನ್ ಶೇಕಡ 23. ಆದ್ದರಿಂದ ಬೇಕಾದ ಗಾಳಿ 5.8 ಕಿಲೋಗ್ರಾಂ, ಅಂದರೆ ಸುಮಾರು 5 ಘನಮೀಟರ್. ಅರ್ಧ ಕಿಲೋ ಇದ್ದಿಲಿಗೆ ಅದರ ಹನ್ನೊಂದು ಪಟ್ಟಿಗಿಂತ ಹೆಚ್ಚು ತೂಕದ ಗಾಳಿ! ಒಲೆಗೆ ನಾವು ತುಂಬುವ ಉರುವಲಿಗಿಂತ ಅದು ತಾನಾಗಿ ಎಳೆದುಕೊಳ್ಳುವ ಗಾಳಿಯೇ ಭಾರ.

ಸೆಕೆಂಡಿಗೆ ಇದು 1.4 ಲೀಟರ್. ಎಲ್ಲ ಗಾಳಿಯೂ ಕೆಂಡವನ್ನು ಮುಟ್ಟುವುದಿಲ್ಲವಾದ್ದರಿಂದ ಎರಡು ಪಟ್ಟು, 2.8 ಲೀಟರ್ ಎಂದಿಟ್ಟುಕೊಳ್ಳೋಣ. ತೂತುಗಳಲ್ಲಿ ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ನುಗ್ಗಿದರೆ ಬೇಕಾದ ಕಂಡಿಯ ವಿಸ್ತೀರ್ಣ 56 ಚದರ ಸೆಂ.ಮೀ. ಒಂದು ತೂತಿನ ವಿಸ್ತೀರ್ಣ 4.9. ಭಾಗಿಸಿದರೆ ಹನ್ನೆರಡಕ್ಕೆ ಹತ್ತಿರ.

ಈ ಗಾಳಿಯನ್ನು ಎಳೆಯುವುದು ಹೊಗೆ ಕೊಳವೆ. 30 ಡಿಗ್ರಿ ತಾಪದಲ್ಲಿ ಒಂದು ಘನಮೀಟರ್ ಗಾಳಿಯ ತೂಕ 1.16 ಕಿಲೋಗ್ರಾಂ, 200 ಡಿಗ್ರಿಯಲ್ಲಿ 0.75 ಮಾತ್ರ. 60 ಸೆಂ.ಮೀ. ಕೊಳವೆಯಲ್ಲಿ ಈ ಹಗುರ ಅನಿಲ ತುಂಬಿದಾಗ ಉಂಟಾಗುವ ಒತ್ತಡದ ವ್ಯತ್ಯಾಸ ಸುಮಾರು 2.5 ಪಾಸ್ಕಲ್, ಕಾಲು ಮಿಲಿಮೀಟರ್ ಎತ್ತರದ ನೀರಿನಷ್ಟು! ಇಷ್ಟು ಸಣ್ಣ ಬಲ ಸಾಕು, ನಮ್ಮ ಕೆಂಡ ಉಸಿರಾಡುತ್ತದೆ. ಕೆಳಗಿನ ತಗಡನ್ನು ಸರಿಸಿ ಅರ್ಧ ತೂತು ಮುಚ್ಚಿದರೆ ಉರಿ ತಗ್ಗುತ್ತದೆ. ಎಲ್ಲ ಮುಚ್ಚಿದರೆ ಆರುತ್ತದೆ, ಉಳಿದ ಇದ್ದಿಲು ಮರುದಿನಕ್ಕೆ ಸಿಗುತ್ತದೆ.

ಮುಚ್ಚಳದ ಮಹತ್ವವನ್ನು ಬಳಕೆಗೆ ತಂದು ಪ್ರಸಿದ್ಧನಾದವನು ಅಮೆರಿಕದ ಜಾರ್ಜ್ ಸ್ಟೀಫನ್. ಷಿಕಾಗೊ ಬಳಿಯ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿ ಅವನು ಕೆಲಸದಲ್ಲಿದ್ದ. ಅಲ್ಲಿ ನೀರಿನ ಮೇಲೆ ತೇಲಿಬಿಡುವ ಲೋಹದ ಬುರುಡೆಗಳನ್ನೂ ತಯಾರಿಸುತ್ತಿದ್ದರು. ತೆರೆದ ಒಲೆಯಲ್ಲಿ ಗಾಳಿಗೆ ಉರಿ ಹಿಡಿತಕ್ಕೆ ಸಿಗದೆ ಬೇಸತ್ತ ಅವನು 1952ರಲ್ಲಿ ಅಂಥ ಬುರುಡೆಯೊಂದನ್ನು ಎರಡು ಭಾಗ ಮಾಡಿ, ಒಂದನ್ನು ಒಲೆಯಾಗಿಯೂ ಇನ್ನೊಂದನ್ನು ಮುಚ್ಚಳವಾಗಿಯೂ ಬಳಸಿದ. ನಮ್ಮ ಡ್ರಮ್ಮಿನ ಹಿಂದಿನ ತತ್ತ್ವವೂ ಅದೇ.

ಕೆಂಡದಿಂದ ಆಹಾರಕ್ಕೆ

ಉಷ್ಣ ಸಾಗುವ ಮೂರು ದಾರಿಗಳೂ ಈ ಒಲೆಯಲ್ಲಿವೆ. ಜಾಲರಿಯ ಸರಳಿನ ಮೂಲಕ ವಹನ, ಬಿಸಿಗಾಳಿಯ ಮೂಲಕ ಸಂವಹನ, ಕೆಂಡದಿಂದ ನೇರವಾಗಿ ವಿಕಿರಣ. ಮುಚ್ಚಳ ತೆರೆದಿದ್ದಾಗ ವಿಕಿರಣವೇ ಪ್ರಧಾನ. ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮದ ಪ್ರಕಾರ ವಿಕಿರಣದ ಪ್ರಮಾಣ ಕೆಲ್ವಿನ್ ತಾಪದ ನಾಲ್ಕನೆಯ ಘಾತದಂತೆ ಏರುತ್ತದೆ. 700 ಡಿಗ್ರಿ ಸೆಲ್ಸಿಯಸಿನ ಕೆಂಡ ಪ್ರತಿ ಚದರ ಮೀಟರಿನಿಂದ ಹೆಚ್ಚೆಂದರೆ 51 ಕಿಲೋವಾಟ್ ಸೂಸಬಲ್ಲದು. 200 ಡಿಗ್ರಿಯ ಡ್ರಮ್ಮಿನ ಗೋಡೆ ಸೂಸುವುದು 3 ಕಿಲೋವಾಟಿಗೂ ಕಡಿಮೆ. ಕೆಂಡ ನೇರವಾಗಿ ಕಾಣುವ ಮುಖ ಕರಕಾಗುವುದೂ, ಮರೆಯಲ್ಲಿರುವ ಮುಖ ಹಸಿಯಾಗಿ ಉಳಿಯುವುದೂ ಇದರಿಂದಲೇ.

ಇಲ್ಲಿ ಒಂದು ಎಚ್ಚರ. ದೂರ ಎರಡರಷ್ಟಾದರೆ ವಿಕಿರಣ ನಾಲ್ಕನೇ ಒಂದಾಗುತ್ತದೆ ಎಂಬ ನಿಯಮ ಬಿಂದುವಿನಂಥ ಆಕರಕ್ಕೆ ಮಾತ್ರ ಸರಿ. ಅಗಲವಾಗಿ ಹಾಸಿದ ಕೆಂಡದ ಹತ್ತಿರ ಅದು ಅನ್ವಯಿಸದು, ಅಲ್ಲಿ ವಿಕಿರಣ ನಿಧಾನವಾಗಿ ತಗ್ಗುತ್ತದೆ. ಆದ್ದರಿಂದ ಜಾಲರಿಯನ್ನು ಎರಡು ಬೆರಳು ಎತ್ತರಿಸುವುದಕ್ಕಿಂತ ಕೆಂಡವನ್ನು ಒಂದು ಬದಿಗೆ ಸರಿಸಿ, ಆಹಾರವನ್ನು ಇನ್ನೊಂದು ಬದಿಯಲ್ಲಿಟ್ಟು ಮುಚ್ಚಳ ಹಾಕುವುದು ಹೆಚ್ಚು ಪರಿಣಾಮಕಾರಿ.

ತೆಳು ತಗಡಿನ ಒಲೆ ಬೇಗ ಕಾಯುತ್ತದೆ. 18 ಕಿಲೋಗ್ರಾಂ ಉಕ್ಕನ್ನು 200 ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾದ ಉಷ್ಣ ಸುಮಾರು 1.8 ಮೆಗಾಜೂಲ್. ಕಿಲೋಗೆ 29 ಮೆಗಾಜೂಲ್ ಕೊಡುವ ಇದ್ದಿಲಿನಲ್ಲಿ ಇದು ಕೇವಲ 60 ಗ್ರಾಂ. ಆದರೆ ಅಷ್ಟೇ ಬೇಗ ತಣಿಯುತ್ತದೆ. ಢಾಬಾದವರು ಡ್ರಮ್ಮಿನೊಳಗೆ ದಪ್ಪ ಮಣ್ಣಿನ ಬಾನಿ ಇಡುವುದು ಈ ಕಾರಣಕ್ಕೆ, ಮಣ್ಣು ಉಷ್ಣವನ್ನು ಕೂಡಿಟ್ಟುಕೊಳ್ಳುತ್ತದೆ.

ಸುಟ್ಟ ಆಹಾರದ ಕಂದು ಬಣ್ಣ, ಪರಿಮಳಗಳಿಗೆ ಕಾರಣ ಅಮೈನೋ ಆಮ್ಲಗಳಿಗೂ ಸಕ್ಕರೆಗಳಿಗೂ ನಡುವಿನ ಕ್ರಿಯೆ. ಫ್ರಾನ್ಸಿನ ಲೂಯಿ ಕಮಿ ಮೈಯಾರ್ ಇದನ್ನು 1912ರಲ್ಲಿ ವರದಿ ಮಾಡಿದ. 140 ಡಿಗ್ರಿ ದಾಟಿದ ಮೇಲೆ ಇದು ಚುರುಕಾಗುತ್ತದೆ. ಒದ್ದೆ ಇರುವವರೆಗೆ ಮೇಲ್ಮೈ 100 ಡಿಗ್ರಿ ದಾಟುವುದಿಲ್ಲ. ಆದ್ದರಿಂದ ಜಾಲರಿಗೆ ಇಡುವ ಮುನ್ನ ನೀರು ಒರೆಸಬೇಕು. ಗೆಣಸಿನದು ಬೇರೆ ಕಥೆ. ಸುಮಾರು 60ರಿಂದ 75 ಡಿಗ್ರಿಯ ನಡುವೆ ಅದರ ಪಿಷ್ಟವನ್ನು ಒಂದು ಕಿಣ್ವ ಮಾಲ್ಟೋಸ್ ಸಕ್ಕರೆಯಾಗಿ ಒಡೆಯುತ್ತದೆ. ಕೆಂಡದ ಪಕ್ಕದಲ್ಲಿ ನಿಧಾನವಾಗಿ ಬೆಂದ ಗೆಣಸು ಕುಕ್ಕರಿನ ಗೆಣಸಿಗಿಂತ ಸಿಹಿಯಾಗಿರುವುದು ಇದಕ್ಕೇ. ಕೋಳಿಯ ಮಾಂಸವಾದರೆ ನಡುಭಾಗ 74 ಡಿಗ್ರಿ ಮುಟ್ಟಬೇಕು, ಹೊರಗಿನ ಬಣ್ಣ ನೋಡಿ ನಂಬಬಾರದು.

ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗ ಏಳುವ ಹೊಗೆಯಲ್ಲಿ ಬೆಂಜೊಪೈರೀನಿನಂಥ ಸಂಯುಕ್ತಗಳಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಬೆಂಜೊಪೈರೀನನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಮೊದಲ ಗುಂಪಿನಲ್ಲಿ ಸೇರಿಸಿದೆ. ಕೊಬ್ಬು ತೊಟ್ಟಿಕ್ಕುವ ಕಡೆ ಕೆಂಡವಿಲ್ಲದಂತೆ ನೋಡಿಕೊಳ್ಳಿ. ಕರಕಾದ ಭಾಗವನ್ನು ಕೆರೆದು ತೆಗೆಯಿರಿ.

ಕಾಣದ ವಿಷ

ಕೆಂಡದ ಮೇಲೆ ಕೆಲವೊಮ್ಮೆ ನೀಲಿ ಜ್ವಾಲೆಗಳು ಕುಣಿಯುವುದನ್ನು ಕಂಡಿದ್ದೀರಾ? ಅದು ಕಾರ್ಬನ್ ಮಾನಾಕ್ಸೈಡ್ ಉರಿಯುತ್ತಿರುವ ಗುರುತು. ಕೆಂಡದ ತಳದಲ್ಲಿ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಮೇಲಿನ ಕೆಂಪು ಕೆಂಡದ ನಡುವೆ ಹಾಯುವಾಗ ಇನ್ನೊಂದು ಕಾರ್ಬನ್ ಪರಮಾಣುವಿನೊಡನೆ ಸೇರಿ ಎರಡು ಕಾರ್ಬನ್ ಮಾನಾಕ್ಸೈಡ್ ಅಣುಗಳಾಗುತ್ತದೆ. ಮೇಲೆ ಸಾಕಷ್ಟು ಗಾಳಿ, ಸಾಕಷ್ಟು ತಾಪ ಇದ್ದರೆ ಅದು ಉರಿಯುತ್ತದೆ. ಇಲ್ಲದಿದ್ದರೆ ಹಾಗೆಯೇ ಹೊರಬರುತ್ತದೆ. ಒಂದು ಮೋಲ್ ಕಾರ್ಬನ್ ಪೂರ್ತಿ ಉರಿದಾಗ 393 ಕಿಲೋಜೂಲ್ ಸಿಗುತ್ತದೆ. ಮಾನಾಕ್ಸೈಡ್ ಹಂತದಲ್ಲೇ ನಿಂತರೆ ಸಿಗುವುದು 110 ಮಾತ್ರ. ಉಷ್ಣವೂ ನಷ್ಟ, ವಿಷವೂ ಲಭ್ಯ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಬರುತ್ತವೆ. ಮಲಗಿದ್ದವರು ಏಳುವುದೇ ಇಲ್ಲ. ಹೊಗೆ ನಿಂತು, ಮೇಲೆ ಬಿಳಿ ಬೂದಿ ಕಟ್ಟಿದ ಕೆಂಡ ನಿರಪಾಯಕಾರಿ ಎಂದು ಜನ ಭಾವಿಸುತ್ತಾರೆ. ಹೊಗೆ ಇಲ್ಲದಿರುವುದೇ ಮೋಸ. ಚಳಿಗಾಲದ ರಾತ್ರಿ ಕೆಂಡದ ಬಾಣಲೆಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿ ಮಲಗಿದವರ ಸಾವಿಗೆ ಕಾರಣ ಇದೇ ಅನಿಲ.

ಆದ್ದರಿಂದ ಈ ಒಲೆಯ ಜಾಗ ಬಯಲು ಮಾತ್ರ. ಮಳೆ ಬಂತೆಂದು ಶೆಡ್ಡಿನೊಳಗೆ, ವರಾಂಡಕ್ಕೆ, ಡೇರೆಗೆ ಎಳೆದುಕೊಂಡು ಹೋಗಬೇಡಿ. ಅಡುಗೆ ಮುಗಿದ ಮೇಲೂ ಪೂರ್ತಿ ತಣಿಯುವವರೆಗೆ ಹೊರಗೇ ಇರಲಿ. ಯಾರಿಗಾದರೂ ತಲೆಸುತ್ತು ಬಂದರೆ ಮೊದಲು ತೆರೆದ ಗಾಳಿಗೆ ಕರೆತಂದು, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲ್ ಸುರಿಯಬೇಡಿ; ಒಣ ತೆಂಗಿನ ನಾರು, ಕರಟ ಸಾಕು. ಪಕ್ಕದಲ್ಲಿ ಒಂದು ಬಕೆಟ್ ಮರಳು ಸದಾ ಇರಲಿ.

ತರಗತಿಯಲ್ಲಿ

ಒಲೆ ಸಿದ್ಧವಾದ ಮೇಲೆ ಅದನ್ನು ಪ್ರಯೋಗಶಾಲೆಯಾಗಿಯೂ ಬಳಸಬಹುದು. ಕೆಲವು ಸಲಹೆಗಳು:

• ಊದುಬತ್ತಿಯನ್ನು ಗಾಳಿ ತೂತುಗಳ ಮುಂದೆ ಹಿಡಿದು ಹೊಗೆ ಒಳಕ್ಕೆ ಹೋಗುವುದನ್ನು ನೋಡಿ. ಹೊಗೆ ಕೊಳವೆಯ ಬಾಯಿ ಮುಚ್ಚಿದಾಗ ಏನಾಗುತ್ತದೆ?

• ತೂಕ ಮಾಡಿದ ಇದ್ದಿಲಿನಿಂದ 2 ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಸಿ. ನೀರು ಪಡೆದ ಉಷ್ಣ 630 ಕಿಲೋಜೂಲ್. ಇದಕ್ಕೆ 100 ಗ್ರಾಂ ಇದ್ದಿಲು ಖರ್ಚಾದರೆ ಒಲೆಯ ದಕ್ಷತೆ ಶೇಕಡ 22. ನಿಮ್ಮ ಒಲೆಯದು ಎಷ್ಟು? ಮುಚ್ಚಳ ಹಾಕಿದಾಗ, ತೆಗೆದಾಗ ಎಷ್ಟು ವ್ಯತ್ಯಾಸ?

• ಒಂದೇ ಗಾತ್ರದ ಎರಡು ಗೆಣಸುಗಳನ್ನು, ಒಂದನ್ನು ಕೆಂಡದ ಮೇಲೆ, ಇನ್ನೊಂದನ್ನು ಪಕ್ಕದಲ್ಲಿಟ್ಟು ಬೇಯಿಸಿ ರುಚಿ ಹೋಲಿಸಿ.

ಹೆಕ್ಸೇನಿನ ಲೆಕ್ಕವನ್ನು ಮಾತ್ರ ಕಪ್ಪುಹಲಗೆಯ ಮೇಲೆ ಮಾಡಿದರೆ ಸಾಕು, ಪ್ರಯೋಗ ಬೇಡ. ಆ ಲೆಕ್ಕ ಮಾಡಿದ ಹುಡುಗನ ಮನೆಯವರಲ್ಲೋ ನೆಂಟರಲ್ಲೋ ಒಬ್ಬರು ಗ್ಯಾರೇಜಿನಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ ದುಡಿಯುತ್ತಿರಬಹುದು. ‘ಡ್ರಮ್ಮು ಖಾಲಿ ಇದೆ, ಕತ್ತರಿಸು’ ಎಂದು ಯಾರಾದರೂ ಹೇಳಿದಾಗ ‘ಮೊದಲು ಅದರಲ್ಲಿ ಏನಿತ್ತು?’ ಎಂದು ಅವರು ತಿರುಗಿ ಕೇಳುವಂತಾದರೆ, ನಿಮ್ಮ ಪಾಠಕ್ಕೆ ಅದಕ್ಕಿಂತ ದೊಡ್ಡ ಫಲ ಬೇಕಿಲ್ಲ.